ತಿಂಗಳಿಗೆ ಒಂದು ಡಾಲರ್: ಬವರಿ–ಹೌಸ್ಟನ್ ಮೂಲೆಯ ತೋಟ ಉಳಿದ ಬಗೆ

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಬವರಿ ಎಂಬ ಹಳೆಯ ಬೀದಿಯೂ ಹೌಸ್ಟನ್ ಎಂಬ ಅಗಲ ರಸ್ತೆಯೂ ಕೂಡುವ ಈಶಾನ್ಯ ಮೂಲೆಯಿಂದ ಸೆಕೆಂಡ್ ಅವೆನ್ಯೂ ದಿಕ್ಕಿಗೆ ಚಾಚಿಕೊಂಡ ಒಂದು ತೋಟವಿದೆ. ಅಗಲ ಕಡಿಮೆ, ಉದ್ದ ಹೆಚ್ಚು. ಒಂದು ಬದಿಗೆ ವಾಹನಗಳ ಸದ್ದು ನಿಲ್ಲದ ರಸ್ತೆ, ಇನ್ನೊಂದು ಬದಿಗೆ ಇತ್ತೀಚೆಗೆ ಎದ್ದ ದುಬಾರಿ ಅಪಾರ್ಟ್‌ಮೆಂಟ್. ನಡುವೆ ದ್ರಾಕ್ಷಿ ಚಪ್ಪರ, ಮೀನು ಮತ್ತು ಆಮೆಗಳಿರುವ ಸಣ್ಣ ಕೊಳ, ಬರ್ಚ್ ಮರಗಳ ಗುಂಪು, ತರಕಾರಿ ಮಡಿಗಳು, ಜೇನುಪೆಟ್ಟಿಗೆ, ನೂರಾರು ಬಗೆಯ ಹೂಗಿಡ. 1973ರಲ್ಲಿ ಇಲ್ಲಿದ್ದದ್ದು ಇಟ್ಟಿಗೆ ಚೂರು ಮತ್ತು ಕಸ. ಅದನ್ನು ತೋಟ ಮಾಡಿದವರು ಆಸುಪಾಸಿನ ನಿವಾಸಿಗಳು. ಇಂದಿಗೂ ನೋಡಿಕೊಳ್ಳುತ್ತಿರುವವರು ಸಂಬಳವಿಲ್ಲದ ಅಂಥ ನಿವಾಸಿಗಳೇ. ಲಿಜ್ ಕ್ರಿಸ್ಟಿ ತೋಟ ಎಂದು ಅದಕ್ಕೆ ಹೆಸರು.

ಸ್ವಯಂಸೇವಕರು ಊರಿನ ಪಾಳು ಜಾಗವನ್ನು ಹಸಿರು ಮಾಡಿದ ಕತೆಗಳಿಗೆ ಬರವಿಲ್ಲ. ಆದರೆ ಅಂಥ ಕತೆಗಳಲ್ಲಿ ಹೆಚ್ಚಿನವು ಸಸಿ ನೆಟ್ಟು ಫೋಟೋ ತೆಗೆಸಿಕೊಂಡಲ್ಲಿಗೆ ಮುಗಿಯುತ್ತವೆ. ಮೂರನೆಯ ವರ್ಷ ನೀರು ಹಾಕಿದವರು ಯಾರು, ಹತ್ತನೆಯ ವರ್ಷ ಆ ಜಾಗದ ಮೇಲೆ ಬಿಲ್ಡರ್ ಕಣ್ಣು ಬಿದ್ದಾಗ ಏನಾಯಿತು ಎಂಬುದು ಅಲ್ಲಿರುವುದಿಲ್ಲ. ಈ ತೋಟಕ್ಕೆ ಐವತ್ತು ವರ್ಷ ದಾಟಿದೆ. ಆದ್ದರಿಂದ ಇಲ್ಲಿ ಕತೆಯ ಉತ್ತರಾರ್ಧವೂ ಸಿಗುತ್ತದೆ, ನನಗೆ ಹೆಚ್ಚು ಕುತೂಹಲವಿರುವುದು ಅದರಲ್ಲಿಯೇ. ಅದನ್ನು ಓದಿದಷ್ಟೂ ನನಗೆ ಗಟ್ಟಿಯಾಗುವ ಅಭಿಪ್ರಾಯ ಒಂದೇ: ತೋಟವನ್ನು ಬೆಳೆಸಿದ್ದು ಗುದ್ದಲಿ, ಉಳಿಸಿದ್ದು ಅರ್ಜಿ. ಗುದ್ದಲಿ ಹಿಡಿದವರೇ ಮೊದಲ ವರ್ಷದಲ್ಲಿಯೇ ಅರ್ಜಿಯನ್ನೂ ಬರೆದರು ಎಂಬುದು ಈ ಪ್ರಕರಣದ ಮುಖ್ಯ ಸಂಗತಿ.

ಊರು ಖಾಲಿಯಾಗುತ್ತಿದ್ದ ಕಾಲ

1970ರ ದಶಕದ ನ್ಯೂಯಾರ್ಕ್ ಇಂದು ಪ್ರವಾಸಿಗರು ಕಾಣುವ ನ್ಯೂಯಾರ್ಕ್ ಅಲ್ಲ. 1970ರ ಜನಗಣತಿಯಲ್ಲಿ ಸುಮಾರು 79 ಲಕ್ಷವಿದ್ದ ಜನಸಂಖ್ಯೆ 1980ರ ಹೊತ್ತಿಗೆ 71 ಲಕ್ಷದ ಆಸುಪಾಸಿಗೆ ಇಳಿಯಿತು. ಕಾರ್ಖಾನೆಗಳು ಮುಚ್ಚಿದವು, ಅನುಕೂಲವಿದ್ದವರು ಉಪನಗರಗಳಿಗೆ ಹೋದರು. 1975ರಲ್ಲಿ ನಗರಾಡಳಿತ ದಿವಾಳಿಯ ಅಂಚಿಗೆ ಬಂದು ನಿಂತಿತು. ಲೋವರ್ ಈಸ್ಟ್ ಸೈಡ್‌ನಂಥ ಬಡವರ ಬಡಾವಣೆಗಳಲ್ಲಿ ಹಳೆಯ ವಠಾರಗಳ ಮಾಲೀಕರಿಗೆ ಬಾಡಿಗೆಯಿಂದ ಬರುವುದಕ್ಕಿಂತ ರಿಪೇರಿಗೆ ಹೋಗುವುದೇ ಹೆಚ್ಚಾಯಿತು. ಕೆಲವರು ತೆರಿಗೆ ಕಟ್ಟುವುದನ್ನು ನಿಲ್ಲಿಸಿ ಕಟ್ಟಡವನ್ನು ಹಾಗೆಯೇ ಬಿಟ್ಟು ಹೋದರು. ಇನ್ನು ಕೆಲವರು ವಿಮೆಯ ಹಣಕ್ಕಾಗಿ ಬೆಂಕಿ ಇಡಿಸಿದರು. ತೆರಿಗೆ ಬಾಕಿಯ ಆಸ್ತಿಗಳನ್ನು ನಗರಾಡಳಿತ ಜಪ್ತಿ ಮಾಡುತ್ತ ಹೋಯಿತು. ಅಪಾಯಕಾರಿ ಎನಿಸಿದ ಕಟ್ಟಡಗಳನ್ನು ಕೆಡವಿ, ಅವಶೇಷವನ್ನು ನೆಲಮಾಳಿಗೆಗೇ ತುಂಬಿ, ಸುತ್ತ ತಂತಿ ಬೇಲಿ ಹಾಕಿತು. ಹೀಗೆ ಯಾರೂ ಬಯಸದ ಸಾವಿರಾರು ನಿವೇಶನಗಳಿಗೆ ನಗರವೇ ಒಡೆಯನಾಯಿತು.

ಬವರಿ ಬೀದಿಗೆ ಆಗ ಕೆಟ್ಟ ಹೆಸರು. ರಾತ್ರಿಯ ಲೆಕ್ಕದಲ್ಲಿ ಹಾಸಿಗೆ ಕೊಡುವ ಅಗ್ಗದ ವಸತಿಗೃಹಗಳು, ಕುಡಿದು ಬಿದ್ದವರು, ಹೋಟೆಲುಗಳಿಗೆ ಪಾತ್ರೆ ಮತ್ತು ಒಲೆ ಮಾರುವ ಅಂಗಡಿಗಳು. ಹೌಸ್ಟನ್ ಮೂಲೆಯ ನಿವೇಶನದಲ್ಲಿ ಕಸದ ರಾಶಿ ಏರುತ್ತಿತ್ತು. ಅದರ ಹಿಂದೆ ಇನ್ನೂ ಒಂದು ಹಿನ್ನೆಲೆಯಿದೆ, ಅದು ಮುಂದೆ ಬಹಳ ಮುಖ್ಯವಾಗುತ್ತದೆ. ಈ ಪ್ರದೇಶ ಕೂಪರ್ ಸ್ಕ್ವೇರ್ ಎಂಬ ನಗರ ಪುನರ್ನಿರ್ಮಾಣ ಯೋಜನೆಯ ಒಳಗಿತ್ತು. 1959ರಲ್ಲಿ ರಾಬರ್ಟ್ ಮೋಸಸ್ ಎಂಬ ಬಲಾಢ್ಯ ಅಧಿಕಾರಿ ಇಲ್ಲಿನ ಸಾಲು ಸಾಲು ಬೀದಿಗಳನ್ನು ನೆಲಸಮ ಮಾಡಿ ಹೊಸ ಕಟ್ಟಡ ಎಬ್ಬಿಸುವ ಯೋಜನೆ ಮುಂದಿಟ್ಟಿದ್ದರು. ನಿವಾಸಿಗಳು ಕೂಪರ್ ಸ್ಕ್ವೇರ್ ಸಮಿತಿ ಎಂಬ ಸಂಘ ಕಟ್ಟಿಕೊಂಡು, ಬರಿಯ ಘೋಷಣೆ ಕೂಗದೆ, 1961ರಲ್ಲಿ ತಮ್ಮದೇ ಪರ್ಯಾಯ ನಕ್ಷೆಯನ್ನು ಸಿದ್ಧಪಡಿಸಿದರು. ಇಲ್ಲಿರುವವರನ್ನು ಒಕ್ಕಲೆಬ್ಬಿಸದೆ ಕಟ್ಟುವುದು ಹೇಗೆ ಎಂಬುದು ಅದರ ಸಾರ. ಎರಡು ನಕ್ಷೆಗಳ ಜಗ್ಗಾಟದಲ್ಲಿ ದಶಕಗಳು ಕಳೆದವು. ತೋಟ ಹುಟ್ಟಿದ್ದು ಆ ಜಗ್ಗಾಟದ ಬಿಡುವಿನಲ್ಲಿ.

ಬೀಜದ ಗುಂಡುಗಳಿಂದ ಬೇಲಿಯ ಒಳಕ್ಕೆ

ಲಿಜ್ ಕ್ರಿಸ್ಟಿ ಚಿತ್ರಕಲಾವಿದೆ, ಅದೇ ಆಸುಪಾಸಿನ ನಿವಾಸಿ. ಅವರು ಮತ್ತು ಗೆಳೆಯರು ಕೂಡಿ 1973ರಲ್ಲಿ ಕಟ್ಟಿಕೊಂಡ ಗುಂಪು ತನ್ನನ್ನು ಗ್ರೀನ್ ಗೆರಿಲ್ಲಾಸ್ ಎಂದು ಕರೆದುಕೊಂಡಿತು. ವಿಯೆಟ್ನಾಂ ಯುದ್ಧದ ಸುದ್ದಿ ಮನೆಮನೆಯ ಟಿ.ವಿ.ಯಲ್ಲಿದ್ದ ಕಾಲ, ಹೆಸರಿನಲ್ಲಿ ತುಂಟತನವಿತ್ತು. ಬಲೂನುಗಳಲ್ಲಿ, ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳಲ್ಲಿ ಬೀಜ, ಗೊಬ್ಬರ, ನೀರು ಹಿಡಿದಿಡುವ ಪಾಚಿಪುಡಿ ತುಂಬಿ ಬೇಲಿಯಾಚೆ ಪಾಳು ನಿವೇಶನಗಳಿಗೆ ಎಸೆಯುತ್ತಿದ್ದರು. ರಸ್ತೆ ವಿಭಜಕಗಳಲ್ಲಿ ಸೂರ್ಯಕಾಂತಿ ಬಿತ್ತಿದರು. ಖಾಲಿ ಬಿದ್ದ ಕಟ್ಟಡಗಳ ಕಿಟಕಿಗಳಿಗೆ ಹೂವಿನ ಪೆಟ್ಟಿಗೆ ಕೂರಿಸಿದರು.

ಪತ್ರಿಕೆಗಳಿಗೆ ಇಂದಿಗೂ ಇಷ್ಟವಾಗುವುದು ಈ ಬೀಜದ ಗುಂಡುಗಳೇ. ಆದರೆ ಕೃಷಿಯ ಲೆಕ್ಕದಲ್ಲಿ ನೋಡಿದರೆ ಅದರಿಂದ ಬೆಳೆದದ್ದು ಹೆಚ್ಚಿರಲಾರದು. ಇಟ್ಟಿಗೆ ಚೂರಿನ ಮೇಲೆ ಬಿದ್ದ ಬೀಜ ಮೊಳೆತರೂ ಜುಲೈ ಬಿಸಿಲಿಗೆ ನೀರು ಕೊಡುವವರಿರಲಿಲ್ಲ. ಅದರ ನಿಜವಾದ ಲಾಭ ಬೇರೆ: ಬೇಲಿಯಾಚೆಯ ಜಾಗದ ಬಗ್ಗೆ ತಮಗೂ ಮಾತಿದೆ ಎಂದು ನೂರಾರು ಜನರಿಗೆ ಅನಿಸಿತು. ಒಮ್ಮೆ ಹಾಗೆ ಅನಿಸಿದ ಮೇಲೆ ಬೇಲಿಯ ಹೊರಗೆ ನಿಂತು ಎಸೆಯುವುದು ಸಾಕಾಗಲಿಲ್ಲ. 1973ರ ಕೊನೆಗೆ ಗುಂಪು ಬವರಿ–ಹೌಸ್ಟನ್ ಮೂಲೆಯ ನಿವೇಶನವನ್ನು ಆರಿಸಿಕೊಂಡು ಒಳಗೆ ಇಳಿಯಿತು.

ಒಳಗಿನ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಇಂಥ ಜಾಗದಲ್ಲಿ ತೋಟ ಮಾಡುವುದು ಹಳ್ಳಿಯ ಹಿತ್ತಿಲಲ್ಲಿ ಪಾತಿ ಮಾಡಿದಂತಲ್ಲ. ಮೊದಲು ಕಸ ಹೊರಬೇಕು. ಕೆಡವಿದ ಕಟ್ಟಡದ ಜಾಗವೆಂದರೆ ಮೇಲೆ ಕಾಣುವ ಬಾಟಲಿ, ಹಾಸಿಗೆ, ಹಾಳಾದ ಫ್ರಿಜ್ ಇವುಗಳ ಕೆಳಗೆ ಗಾರೆ, ಇಟ್ಟಿಗೆ, ಪೈಪಿನ ತುಂಡು, ಸುಟ್ಟ ಮರ. ಸನಿಕೆ ಹಾಕಿದರೆ ಒಂದು ಗೇಣೂ ಇಳಿಯುವುದಿಲ್ಲ. ಇಳಿದರೂ ಆ ಮಣ್ಣನ್ನು ನಂಬುವಂತಿಲ್ಲ. ಹಳೆಯ ಕಟ್ಟಡಗಳ ಬಣ್ಣದಲ್ಲಿ ಸೀಸವಿರುತ್ತಿತ್ತು, ಆ ಕಾಲದ ಪೆಟ್ರೋಲಿನಲ್ಲಿಯೂ ಸೀಸವಿತ್ತು, ಪಕ್ಕದಲ್ಲಿಯೇ ದಟ್ಟ ಸಂಚಾರದ ರಸ್ತೆ. ಸೊಪ್ಪು ಮತ್ತು ಗೆಡ್ಡೆಗಳು ಅಂಥ ಮಣ್ಣಿನಲ್ಲಿ ಬೆಳೆದರೆ ಊಟದ ತಟ್ಟೆಗೆ ವಿಷ ಬಂದಂತೆ. ಆದ್ದರಿಂದ ಇರುವ ನೆಲವನ್ನು ಅಗೆದು ಹದ ಮಾಡುವ ಬದಲು, ಅದರ ಮೇಲೆ ಹಲಗೆ ಕಟ್ಟಿ ಹೊರಗಿನಿಂದ ತಂದ ಮಣ್ಣು ಮತ್ತು ಗೊಬ್ಬರ ತುಂಬಿ ಎತ್ತರದ ಮಡಿ ಮಾಡುವುದು ಸರಿಯಾದ ದಾರಿ. ಅವರು ಮಾಡಿದ್ದೂ ಅದನ್ನೇ. ಬೇಲಿಯನ್ನು ಯಾರೋ ದಾನ ಕೊಟ್ಟರು, ಮೇಲ್ಮಣ್ಣನ್ನು ತಂದು ಹರಡಿದರು, 60 ಎತ್ತರದ ಮಡಿಗಳನ್ನು ಕಟ್ಟಿ ಮೊದಲ ಬೆಳೆಯಾಗಿ ತರಕಾರಿ ಹಾಕಿದರು. ಮರಗಳು, ಹೂವಿನ ಅಂಚುಗಳು ಬಂದದ್ದು ಆಮೇಲೆ.

ತರಕಾರಿಯಿಂದ ಶುರುಮಾಡಿದ್ದು ಜಾಣತನ. ಹೂವಿನ ಮಡಿಯನ್ನು ದಾರಿಹೋಕರು ನೋಡಿ ಹೋಗುತ್ತಾರೆ. ಟೊಮೆಟೊ ಮಡಿಗೆ ಒಬ್ಬ ವಾರಸುದಾರ ಇರುತ್ತಾನೆ. ಅವನು ಸಂಜೆ ಕೆಲಸ ಮುಗಿಸಿ ಬಂದು ನೀರು ಹಾಕುತ್ತಾನೆ, ಪಕ್ಕದ ಮಡಿಯವರು ಊರಿಗೆ ಹೋಗಿದ್ದರೆ ಅದಕ್ಕೂ ಹಾಕುತ್ತಾನೆ, ಬೇಲಿ ಹತ್ತಿ ಬಂದ ಹುಡುಗರನ್ನು ಗದರುತ್ತಾನೆ ಅಥವಾ ಕೆಲಸಕ್ಕೆ ಹಚ್ಚುತ್ತಾನೆ. 60 ಮಡಿಗಳೆಂದರೆ ವಾರವಿಡೀ ಒಬ್ಬರಲ್ಲದಿದ್ದರೆ ಇನ್ನೊಬ್ಬರು ಒಳಗಿರುತ್ತಾರೆ. ಕಾವಲುಗಾರನಿಗೆ ಕೊಡಲು ಕಾಸಿಲ್ಲದ ಗುಂಪಿಗೆ ಇದಕ್ಕಿಂತ ಒಳ್ಳೆಯ ಕಾವಲಿಲ್ಲ. ಮಡಿ ಒಬ್ಬೊಬ್ಬರದು, ದಾರಿ, ಬೆಂಚು, ಚಪ್ಪರ ಎಲ್ಲರದು ಎಂಬ ಈ ಹಂಚಿಕೆಯನ್ನು ಆಮೇಲೆ ನಗರದ ನೂರಾರು ಸಮುದಾಯ ತೋಟಗಳು ಅನುಸರಿಸಿದವು.

ಕಾಗದ

ಮಣ್ಣು ಹೊರುವ ಕೆಲಸ ನಡೆಯುತ್ತಿದ್ದಾಗಲೇ ಗುಂಪು ನಗರದ ವಸತಿ ಇಲಾಖೆಗೆ ಅರ್ಜಿ ಕೊಟ್ಟಿತು. ಜಾಗ ನಿಮ್ಮದು, ನಾವು ಹೀಗೆ ಬಳಸುತ್ತೇವೆ, ಅನುಮತಿ ಕೊಡಿ ಎಂದು. 1974ರ ಏಪ್ರಿಲ್ 23ರಂದು ಒಪ್ಪಿಗೆ ಬಂತು. ಬಾಡಿಗೆ ತಿಂಗಳಿಗೆ ಒಂದು ಡಾಲರ್. ದಾಖಲೆಯಲ್ಲಿನ ಹೆಸರು ಬವರಿ ಹೌಸ್ಟನ್ ಸಮುದಾಯ ಕೃಷಿ ಮತ್ತು ತೋಟ.

ಅತಿಕ್ರಮಣದ ಹೆಮ್ಮೆಯಿಂದ ಹೆಸರಿಟ್ಟುಕೊಂಡ ಗುಂಪು ಬಾಡಿಗೆ ಕರಾರಿಗೆ ಸಹಿ ಹಾಕಿದ್ದನ್ನು ಕೆಲವರು ಸೋಲು ಎಂದಾರು. ನಾನು ಹಾಗೆ ನೋಡುವುದಿಲ್ಲ. ಒಂದು ಡಾಲರ್ ಬಾಡಿಗೆ ನಗರಕ್ಕೂ ಅನುಕೂಲವೇ ಆಗಿತ್ತು: ಕಸ ಎತ್ತುವ ಖರ್ಚು ಉಳಿಯಿತು, ಜಾಗದ ಮೇಲಿನ ಹಕ್ಕು ಹೋಗಲಿಲ್ಲ, ಬೇಕೆಂದಾಗ ಬಿಡಿಸಿಕೊಳ್ಳಬಹುದಿತ್ತು. ತೋಟದವರಿಗೆ ಸಿಕ್ಕಿದ್ದು ಸ್ವಾಮ್ಯವಲ್ಲ, ಕಡತದಲ್ಲಿ ಒಂದು ಹೆಸರು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿಸಿಕೊಂಡ ಯಾರಿಗಾದರೂ ಇದರ ಬೆಲೆ ಗೊತ್ತು. ನಕ್ಷೆಯ ಮೇಲೆ ‘ಖಾಲಿ’ ಎಂದು ಬರೆದ ಜಾಗವನ್ನು ಯಾವ ಗುಮಾಸ್ತನಾದರೂ ಯಾರಿಗಾದರೂ ಕೊಡಬಹುದು. ಬಾಡಿಗೆದಾರರಿದ್ದಾರೆ ಎಂದು ಬರೆದ ಜಾಗದ ಬಗ್ಗೆ ಕನಿಷ್ಠ ಒಂದು ನೋಟಿಸ್ ಕಳಿಸಬೇಕಾಗುತ್ತದೆ. ಆ ನೋಟಿಸಿಗೂ ಬುಲ್‌ಡೋಜರಿಗೂ ನಡುವಿನ ಅವಧಿಯಲ್ಲಿಯೇ ಎಲ್ಲ ಹೋರಾಟಗಳೂ ನಡೆಯುವುದು.

ಕಾಗದವಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಊಹಿಸಬೇಕಾಗಿಲ್ಲ. ಹೌಸ್ಟನ್ ರಸ್ತೆ ದಾಟಿ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಎಲ್ಡ್ರಿಜ್ ಮತ್ತು ಫಾರ್ಸೈತ್ ಬೀದಿಗಳ ನಡುವೆ ಅದೇ ಕಾಲದಲ್ಲಿ ಇನ್ನೊಂದು ತೋಟ ಬೆಳೆಯುತ್ತಿತ್ತು. ಆಡಮ್ ಪರ್ಪಲ್ ಎಂದು ಹೆಸರಿಟ್ಟುಕೊಂಡ, ಮೈತುಂಬ ನೇರಳೆ ಬಟ್ಟೆ ತೊಡುತ್ತಿದ್ದ ಮನುಷ್ಯನೊಬ್ಬ ತನ್ನ ವಠಾರದ ಹಿಂದಿನ ಅವಶೇಷದ ರಾಶಿಯನ್ನು ಬರಿಗೈಯಿಂದ ಎತ್ತಿ ಹಾಕಿ, ಸೆಂಟ್ರಲ್ ಪಾರ್ಕಿನ ಕುದುರೆಗಾಡಿಗಳ ಲದ್ದಿಯನ್ನು ಸೈಕಲ್ಲಿನಲ್ಲಿ ಹೇರಿಕೊಂಡು ಬಂದು ಮಣ್ಣು ಮಾಡಿದ. ನಡುವೆ ಯಿನ್–ಯಾಂಗ್ ಚಿಹ್ನೆ, ಅದರ ಸುತ್ತ ಒಂದರಾಚೆ ಒಂದು ವೃತ್ತಗಳಲ್ಲಿ ಪಾತಿಗಳು. ಪಕ್ಕದ ಕಟ್ಟಡ ಬಿದ್ದಂತೆಲ್ಲ ಹೊರಗೆ ಇನ್ನೊಂದು ವೃತ್ತ ಸೇರುತ್ತಿತ್ತು. ತೋಟ 15,000 ಚದರ ಅಡಿಗೆ ಬೆಳೆಯಿತು. ಮೇಲಿನಿಂದ ತೆಗೆದ ಅದರ ಚಿತ್ರಗಳನ್ನು ನೋಡಿದರೆ ಬವರಿ ಮೂಲೆಯ ತೋಟ ಅದರ ಮುಂದೆ ಸಾಧಾರಣ ಎನಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಅವನು ಸರ್ಕಾರದ ಅಧಿಕಾರವನ್ನೇ ಒಪ್ಪುತ್ತಿರಲಿಲ್ಲ. ನಗರ ಆ ಜಾಗದಲ್ಲಿ ಕಡಿಮೆ ಆದಾಯದವರಿಗೆ ಮನೆ ಕಟ್ಟಲು ನಿರ್ಧರಿಸಿತು. 1984ರಲ್ಲಿ ಸ್ಟೋರ್‌ಫ್ರಂಟ್ ಫಾರ್ ಆರ್ಟ್ ಅಂಡ್ ಆರ್ಕಿಟೆಕ್ಚರ್ ಎಂಬ ಸಂಸ್ಥೆ ವಾಸ್ತುಶಿಲ್ಪಿಗಳಿಂದ ವಿನ್ಯಾಸಗಳನ್ನು ಬರಿಸಿ, ತೋಟವನ್ನು ಉಳಿಸಿಕೊಂಡೇ ಮನೆ ಕಟ್ಟಬಹುದು ಎಂದು ಪ್ರದರ್ಶನ ಏರ್ಪಡಿಸಿ ತೋರಿಸಿತು. ಕಾಲ ಮೀರಿತ್ತು. 1986ರ ಜನವರಿ 8ರಂದು ಬುಲ್‌ಡೋಜರ್ ಬಂತು, ತೋಟ ಹೋಯಿತು. ಬಡವರಿಗೆ ಮನೆ ಸಿಕ್ಕಿತು ಎಂಬುದನ್ನೂ ಹೇಳಬೇಕು. ಹಾಗೆ ಹೇಳದೆ ತೋಟದ ಪರವಾಗಿ ಮಾತ್ರ ಅಳುವುದು ನ್ಯಾಯವಲ್ಲ. ಮನೆ ಮತ್ತು ತೋಟ ಎರಡೂ ಬೇಕಾದ ಬಡಾವಣೆಯಲ್ಲಿ ಎರಡನ್ನೂ ಒಂದೇ ನಕ್ಷೆಯಲ್ಲಿ ಕೂರಿಸುವ ಮಾತುಕತೆ ಮೊದಲೇ ನಡೆಯಬೇಕಿತ್ತು. ಮಾತುಕತೆಗೆ ಒಂದು ಕಡೆಯವರು ಕೂರಲೇ ಇಲ್ಲ.

ಕಲಿಸುವ ಕೆಲಸ

ಬವರಿ ತೋಟದವರು ತಮ್ಮ ಜಾಗವನ್ನು ಪ್ರಯೋಗಶಾಲೆಯಂತೆ ಬಳಸಿದರು. ಹೊಗೆ, ನೆರಳು, ಕಳಪೆ ಮಣ್ಣು, ಕಟ್ಟಡಗಳ ಸಂದಿಯ ಗಾಳಿ, ಇಷ್ಟನ್ನೂ ತಡೆದುಕೊಳ್ಳುವ ಗಿಡ ಯಾವುದು ಎಂದು ಮಡಿಗಳಲ್ಲಿ ನೆಟ್ಟು ನೋಡಿದರು. ಇತರ ಬಡಾವಣೆಗಳಿಂದ ಬಂದವರಿಗೆ ತರಬೇತಿ ಕೊಟ್ಟರು, ಹೆಚ್ಚಾದ ಸಸಿಗಳನ್ನು ಹಂಚಿದರು. ಬಡಾವಣೆಗಳನ್ನು ಅಂದಗೊಳಿಸಿದವರಿಗಾಗಿ ವಸ್ತ್ರವಿನ್ಯಾಸಕಿ ಮಾಲಿ ಪಾರ್ನಿಸ್ ಹೆಸರಿನಲ್ಲಿ ಏರ್ಪಟ್ಟ ಮೊದಲ ಸ್ಪರ್ಧೆಯ ಬಹುಮಾನ ತೋಟಕ್ಕೆ ಬಂತು. ಲಿಜ್ ಕ್ರಿಸ್ಟಿ ನಗರದ ಪರಿಸರ ಮಂಡಳಿಯಲ್ಲಿ ಬಯಲು ಜಾಗಗಳನ್ನು ಹಸಿರಾಗಿಸುವ ಕಾರ್ಯಕ್ರಮದ ಮೊದಲ ನಿರ್ದೇಶಕಿಯಾದರು, ರೇಡಿಯೊದಲ್ಲಿ ತೋಟಗಾರಿಕೆಯ ಕಾರ್ಯಕ್ರಮ ನಡೆಸಿದರು.

1978ರಲ್ಲಿ ನಗರಾಡಳಿತವೇ ಕೇಂದ್ರ ಸರ್ಕಾರದ ಅನುದಾನದಿಂದ ಗ್ರೀನ್‌ಥಂಬ್ ಎಂಬ ಯೋಜನೆ ಆರಂಭಿಸಿತು. ಖಾಲಿ ನಿವೇಶನವನ್ನು ನಾಮಮಾತ್ರ ಬಾಡಿಗೆಗೆ ಕೊಡುವುದು, ಜೊತೆಗೆ ಮಣ್ಣು, ಹಲಗೆ, ಸಲಕರಣೆ, ತರಬೇತಿ. ಒಂದು ಮೂಲೆಯಲ್ಲಿ ಒಂದು ಗುಂಪು ಕೇಳಿ ಪಡೆದ ವ್ಯವಸ್ಥೆ ಊರಿಗೆಲ್ಲ ನಿಯಮವಾಯಿತು. ಈಗ ಆ ಯೋಜನೆಯ ಅಡಿಯಲ್ಲಿ ಐನೂರಕ್ಕೂ ಹೆಚ್ಚು ತೋಟಗಳಿವೆ. ಸ್ವಯಂಸೇವೆಯನ್ನು ಅಳೆಯುವಾಗ ನಾವು ಎಷ್ಟು ಸಸಿ, ಎಷ್ಟು ಭಾನುವಾರ ಎಂದು ಎಣಿಸುತ್ತೇವೆ. ಸರ್ಕಾರದ ಒಂದು ನಮೂನೆಯನ್ನು ಬದಲಾಯಿಸಿದ್ದನ್ನು ಯಾರೂ ಎಣಿಸುವುದಿಲ್ಲ, ಆದರೆ ಇಲ್ಲಿ ಅತಿ ದೊಡ್ಡ ಫಲ ಅದೇ.

ಲಿಜ್ ಕ್ರಿಸ್ಟಿ 1985ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಆಮೇಲೆ ತೋಟಕ್ಕೆ ಅವರ ಹೆಸರಿಟ್ಟರು. ಸ್ಥಾಪಕರು ಹೋದ ಕೂಡಲೇ ಮುಚ್ಚಿಹೋಗುವ ಸಂಘಗಳನ್ನು ನಾವೆಲ್ಲ ಕಂಡಿದ್ದೇವೆ. ಇದು ಮುಚ್ಚಲಿಲ್ಲ. ಅಷ್ಟರಲ್ಲಿ ತೋಟ ಒಬ್ಬರ ಉತ್ಸಾಹವನ್ನು ನೆಚ್ಚಿಕೊಂಡಿರಲಿಲ್ಲ.

ಜಾಗಕ್ಕೆ ಬೆಲೆ ಬಂದಾಗ

1990ರ ದಶಕದಲ್ಲಿ ನ್ಯೂಯಾರ್ಕ್ ಚೇತರಿಸಿಕೊಂಡಿತು. ಯಾರಿಗೂ ಬೇಡವಾಗಿದ್ದ ನಿವೇಶನಗಳಿಗೆ ಬೆಲೆ ಬಂತು. ಬೆಲೆ ಏರಲು ತೋಟಗಳೂ ಕಾರಣ ಎಂಬುದು ವಿಪರ್ಯಾಸ. 2008ರಲ್ಲಿ ಪ್ರಕಟವಾದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿಕಿ ಬೀನ್ ಮತ್ತು ಇಯೋವಾನ್ ವೊಯ್ಕು ಅವರ ಅಧ್ಯಯನ, ಸಮುದಾಯ ತೋಟದಿಂದ ಸಾವಿರ ಅಡಿಯೊಳಗಿನ ಆಸ್ತಿಗಳ ಬೆಲೆ ಏರುತ್ತದೆ, ಆ ಏರಿಕೆ ಅತಿ ಬಡ ಬಡಾವಣೆಗಳಲ್ಲಿಯೇ ಹೆಚ್ಚು ಎಂದು ತೋರಿಸಿತು. ಅಂಥಲ್ಲಿ ಐದು ವರ್ಷದಲ್ಲಿ ಸುಮಾರು 9.4 ಶೇಕಡಾ ಅಂಶಗಳಷ್ಟು ಏರಿಕೆ. ಅಂದರೆ ಬಾಡಿಗೆಗೆ ಇರುವ ಬಡವನು ಬಿಡುವಿನ ವೇಳೆಯಲ್ಲಿ ಬೆವರು ಸುರಿಸಿ ತನ್ನದೇ ಮನೆಯ ಬಾಡಿಗೆ ಏರುವಂತೆ ಮಾಡಿಕೊಂಡ. ಸ್ವಯಂಸೇವಕರ ಸಭೆಗಳಲ್ಲಿ ಯಾರೂ ಎತ್ತಲು ಇಷ್ಟಪಡದ ವಿಷಯವಿದು. ಎತ್ತದಿದ್ದರೂ ಅದು ನಡೆಯುತ್ತಲೇ ಇರುತ್ತದೆ.

ಮೇಯರ್ ರುಡಾಲ್ಫ್ ಜೂಲಿಯಾನಿ ಅವರ ಆಡಳಿತ ತೋಟದ ನಿವೇಶನಗಳನ್ನು ಹರಾಜು ಹಾಕಲು ಹೊರಟಿತು. ಇದು ಮುಕ್ತ ಮಾರುಕಟ್ಟೆಯ ದೇಶ, ಕಮ್ಯುನಿಸಂ ಕಾಲ ಮುಗಿದಿದೆ ಎಂಬರ್ಥದ ಮಾತನ್ನು ಮೇಯರ್ ಆಡಿದರು. ಟೊಮೆಟೊ, ಸೂರ್ಯಕಾಂತಿಯ ವೇಷ ತೊಟ್ಟು ಜನ ಬೀದಿಗಿಳಿದರು. 1998ರ ಜುಲೈನಲ್ಲಿ ಪೊಲೀಸ್ ಕೇಂದ್ರ ಕಚೇರಿಯ ಸಭಾಂಗಣದಲ್ಲಿ ನಗರದ ಆಸ್ತಿಗಳ ಹರಾಜು ನಡೆಯುತ್ತಿದ್ದಾಗ ಪ್ರತಿಭಟನಕಾರರು ಹತ್ತು ಸಾವಿರ ಜೀರುಂಡೆಗಳನ್ನು ಒಳಗೆ ಬಿಟ್ಟರು. ಸೂಟು ತೊಟ್ಟ ಬಿಡ್ಡುದಾರರು ಕುರ್ಚಿ ಹತ್ತಿ ನಿಂತ ಆ ಗದ್ದಲವನ್ನು ಕಲ್ಪಿಸಿಕೊಂಡು ನಗದವರು ಕಡಿಮೆ. ಹರಾಜು ಮಾತ್ರ ನಿಲ್ಲಲಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಮುಂದುವರಿಯಿತು.

1999ರ ಮೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ತೋಟಗಳ ಹರಾಜಿಗೆ ದಿನ ಗೊತ್ತಾಗಿತ್ತು. ಹಿಂದಿನ ದಿನ ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಮತ್ತು ನಟಿ–ಗಾಯಕಿ ಬೆಟ್ ಮಿಡ್ಲರ್ ಸ್ಥಾಪಿಸಿದ ನ್ಯೂಯಾರ್ಕ್ ರೆಸ್ಟೊರೇಷನ್ ಪ್ರಾಜೆಕ್ಟ್ ಎರಡೂ ಸೇರಿ ಒಟ್ಟು 42 ಲಕ್ಷ ಡಾಲರ್ ಕೊಟ್ಟು ಆ ತೋಟಗಳನ್ನು ಖರೀದಿಸಿದವು. ತೋಟ ಉಳಿದವು, ನಿಜ. ಆದರೆ ಜನರು ತಮ್ಮ ದುಡಿಮೆಯಿಂದ ಕಟ್ಟಿದ ಸಾರ್ವಜನಿಕ ಜಾಗವನ್ನು ದಾನಿಗಳ ಹಣದಿಂದ ಸರ್ಕಾರದ ಕೈಯಿಂದ ಕೊಂಡುಕೊಳ್ಳಬೇಕಾಯಿತಲ್ಲ ಎಂಬ ಕಹಿಯೂ ಉಳಿಯಿತು. ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಉಳಿದ ತೋಟಗಳ ಪರವಾಗಿ ನ್ಯಾಯಾಲಯಕ್ಕೆ ಹೋದರು. 2000ದ ಫೆಬ್ರುವರಿಯಲ್ಲಿ ಎಸ್ಪೆರಾನ್ಸಾ ಎಂಬ ತೋಟವನ್ನು ನಗರ ನೆಲಸಮ ಮಾಡಿಯೇಬಿಟ್ಟಿತು. ತೋಟಗಾರರು ಬೇಲಿಗೆ, ಕಂಬಗಳಿಗೆ ಸರಪಳಿಯಿಂದ ತಮ್ಮನ್ನು ಬಿಗಿದುಕೊಂಡು ಕುಳಿತಿದ್ದರು. 2002ರ ಸೆಪ್ಟೆಂಬರಿನಲ್ಲಿ ಹೊಸ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಮತ್ತು ಸ್ಪಿಟ್ಜರ್ ನಡುವೆ ಒಪ್ಪಂದವಾಯಿತು. ಹೆಚ್ಚಿನ ತೋಟಗಳು ಉಳಿದವು, ಕೆಲವು ಮನೆ ಕಟ್ಟಲು ಹೋದವು.

ಈ ಗದ್ದಲದಲ್ಲಿ ಲಿಜ್ ಕ್ರಿಸ್ಟಿ ತೋಟ ಪಾರಾದ ದಾರಿ ಬೇರೆ, ಅಷ್ಟು ನಾಟಕೀಯವೂ ಅಲ್ಲ. ಕೂಪರ್ ಸ್ಕ್ವೇರ್ ಸಮಿತಿಯನ್ನು ನೆನಪಿಸಿಕೊಳ್ಳಿ. ವಸತಿಗಾಗಿ ಮೂವತ್ತು ವರ್ಷ ಜಗ್ಗಾಡಿದ ಆ ಸಂಘ 1990ರಲ್ಲಿ ನಗರದೊಂದಿಗೆ ಒಪ್ಪಂದಕ್ಕೆ ಬಂತು. ಹಳೆಯ ನಿವಾಸಿಗಳ ಮನೆಗಳನ್ನು ಉಳಿಸಿ, ಖಾಲಿ ಜಾಗಗಳಲ್ಲಿ ಹೊಸದನ್ನು ಕಟ್ಟುವ ಆ ಯೋಜನೆಯಲ್ಲಿ ತೋಟಕ್ಕೂ ಜಾಗ ಗುರುತಾಗಿತ್ತು. ಮನೆ ಕೇಳುವವರೂ ತೋಟ ಕೇಳುವವರೂ ಎದುರುಬದುರು ನಿಂತಿದ್ದರೆ ತೋಟ ಸೋಲುತ್ತಿತ್ತು, ಸೋಲಬೇಕಾದದ್ದೂ ನ್ಯಾಯ ಎಂದು ಬಹಳ ಮಂದಿ ಹೇಳುತ್ತಿದ್ದರು. ಇಲ್ಲಿ ಇಬ್ಬರೂ ಒಂದೇ ಬಡಾವಣೆಯವರು, ಒಂದೇ ಕಡತದ ಒಳಗೆ ಇದ್ದವರು. 2002ರಲ್ಲಿ ನಗರ ತೋಟವನ್ನು ಉಳಿಸುವ ಮಾತು ಕೊಟ್ಟಿತು.

ಆ ಮಾತಿಗೂ ಬೆಲೆ ತೆರಬೇಕಾಯಿತು. ಅವಲಾನ್‌ಬೇ ಕಂಪನಿ ತೋಟಕ್ಕೆ ಅಂಟಿಕೊಂಡಂತೆ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಿತು. ಅಡಿಪಾಯ ಅಗೆಯುವಾಗ, ಗೋಡೆ ಏಳುವಾಗ ಪಕ್ಕದಲ್ಲಿ ಜನರನ್ನು ಬಿಡುವಂತಿಲ್ಲ. 2000ದ ದಶಕದ ಮಧ್ಯದಲ್ಲಿ ತೋಟ ಮುಚ್ಚಿತ್ತು. ಮತ್ತೆ ತೆರೆದಾಗ ಸುತ್ತಲಿನ ಊರೇ ಬೇರೆಯಾಗಿತ್ತು. ರಸ್ತೆಯ ಆಚೆ ಬದಿಯಲ್ಲಿ 2007ರಲ್ಲಿ ಹೋಲ್ ಫುಡ್ಸ್ ಮಳಿಗೆ ತೆರೆಯಿತು. ಅನತಿ ದೂರದ ಸಿಬಿಜಿಬಿ ಎಂಬ ಹೆಸರಾಂತ ಸಂಗೀತ ಕ್ಲಬ್ 2006ರಲ್ಲಿಯೇ ಬಾಗಿಲು ಹಾಕಿತ್ತು. ಅಗ್ಗದ ವಸತಿಗೃಹಗಳ ಬವರಿಯಲ್ಲಿ ಈಗ ಐಷಾರಾಮಿ ಹೋಟೆಲುಗಳು. 1974ರಲ್ಲಿ ಈ ತೋಟ ಯಾರಿಗಾಗಿ ಹುಟ್ಟಿತೋ ಅವರಲ್ಲಿ ಎಷ್ಟು ಮಂದಿ ಇನ್ನೂ ಇಲ್ಲಿ ಬಾಡಿಗೆ ಕಟ್ಟಿ ಬದುಕಬಲ್ಲರು ಎಂಬ ಪ್ರಶ್ನೆಯನ್ನು ತೋಟ ಉಳಿದ ಸಂತೋಷ ಅಳಿಸುವುದಿಲ್ಲ.

ಬೀಗ ಮತ್ತು ಬೀಗದ ಕೈ

ಬೇಲಿಯಿರುವ, ಬೀಗವಿರುವ ತೋಟ ಸಾರ್ವಜನಿಕ ಹೇಗಾಗುತ್ತದೆ? ಸಮುದಾಯ ತೋಟಗಳ ಮೇಲೆ ಬರುವ ಮೊದಲ ಟೀಕೆ ಇದು, ನ್ಯಾಯವಾದ ಟೀಕೆಯೂ ಹೌದು. ಬೀಗವಿಲ್ಲದಿದ್ದರೆ ತರಕಾರಿ ಉಳಿಯುವುದಿಲ್ಲ. ಬೀಗ ಬಿದ್ದರೆ ಜಾಗ ಹತ್ತಿಪ್ಪತ್ತು ಜನರ ಖಾಸಗಿ ಹಿತ್ತಿಲಾಗುತ್ತದೆ. ನ್ಯೂಯಾರ್ಕ್ ಇದನ್ನು ಗಂಟೆಗಳ ಲೆಕ್ಕದಲ್ಲಿ ಬಗೆಹರಿಸಲು ನೋಡಿದೆ. ಗ್ರೀನ್‌ಥಂಬ್ ತೋಟಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಕನಿಷ್ಠ 20 ಗಂಟೆ ಎಲ್ಲರಿಗೂ ತೆರೆದಿರಬೇಕು. ತೆರೆಯುವ ಹೊತ್ತನ್ನೂ ಸಂಪರ್ಕ ವಿವರವನ್ನೂ ಗೇಟಿನ ಫಲಕದಲ್ಲಿ ಬರೆದಿರಬೇಕು. ಸಾರ್ವಜನಿಕರಿಗಾಗಿ ಕಾರ್ಯಕ್ರಮ ನಡೆಸಬೇಕು, ಸದಸ್ಯರಾಗಲು ಬಯಸಿದವರಿಗೆ ಅವಕಾಶ ಕೊಡಬೇಕು.

ಗೇಟು ತೆರೆದಿದ್ದರೆ ಒಳಗೆ ಒಬ್ಬ ಸದಸ್ಯರಾದರೂ ಇರಬೇಕು, ಅಂದರೆ 20 ಗಂಟೆಯ ನಿಯಮ ಸ್ವಯಂಸೇವಕರ ಪಾಳಿಯ ನಿಯಮವೂ ಹೌದು. ಲಿಜ್ ಕ್ರಿಸ್ಟಿ ತೋಟ ಚಳಿಗಾಲವೂ ಸೇರಿದಂತೆ ವರ್ಷವಿಡೀ ಶನಿವಾರ ಮಧ್ಯಾಹ್ನ ತೆರೆಯುವ ಪದ್ಧತಿ ಇಟ್ಟುಕೊಂಡಿದೆ. ಹೂವಿಲ್ಲದ ಜನವರಿಯಲ್ಲಿ, ಎಲೆಯುದುರಿದ ಡಾನ್ ರೆಡ್‌ವುಡ್ ಮರದ ಕೆಳಗೆ ಒಬ್ಬರು ಗೇಟು ಕಾಯುತ್ತ ಕೂರುವುದಿದೆಯಲ್ಲ, ಸಸಿ ನೆಡುವ ಹಬ್ಬಕ್ಕಿಂತ ನೂರು ಪಾಲು ಕಷ್ಟದ ಸೇವೆ ಅದು.

ಬೆಂಗಳೂರಿನ ಓದುಗರಿಗೆ ಗೇಟಿನ ಪ್ರಶ್ನೆ ಹೊಸದಲ್ಲ. ಬಡಾವಣೆಯ ಉದ್ಯಾನಗಳಿಗೆ ಹಗಲು ಹೊತ್ತಿನಲ್ಲಿ ಬೀಗ ಬೀಳುವುದು, ಬೆಳಿಗ್ಗೆ ನಡೆಯುವವರಿಗೆ ಮಾತ್ರ ಅದು ಉದ್ಯಾನವಾಗುವುದು ಬಹುಕಾಲದ ದೂರು. 2024ರಲ್ಲಿ ಪಾಲಿಕೆ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಉದ್ಯಾನಗಳನ್ನು ತೆರೆದಿಡುವುದಾಗಿ ಹೇಳಿತು. ಕಾನೂನಿನ ಬಲದಲ್ಲಿ ನಾವು ಒಂದು ಹೆಜ್ಜೆ ಮುಂದಿದ್ದೇವೆ ಎನ್ನಬಹುದು, ನಮ್ಮಲ್ಲಿ ಉದ್ಯಾನ ಮತ್ತು ಬಯಲು ಜಾಗಗಳ ರಕ್ಷಣೆಗೆಂದೇ 1985ರ ಕಾಯ್ದೆಯಿದೆ. ನಮ್ಮ ನಿವಾಸಿ ಸಂಘಗಳಲ್ಲಿ ಗುದ್ದಲಿ ಹಿಡಿಯುವವರಿಗೂ ಅರ್ಜಿ ಬರೆಯುವವರಿಗೂ ಕೊರತೆಯಿಲ್ಲ. ಆದರೆ ಇಬ್ಬರೂ ಒಂದೇ ಸಭೆಯಲ್ಲಿ ಕೂರುವುದು ಅಪರೂಪ.

ಲಿಜ್ ಕ್ರಿಸ್ಟಿ ತೋಟವಾದರೂ ಎಲ್ಲ ಮುಗಿದು ನೆಮ್ಮದಿಯಿಂದಿದೆ ಎನ್ನುವಂತಿಲ್ಲ. ಗ್ರೀನ್‌ಥಂಬ್ ವ್ಯವಸ್ಥೆಯ ತೋಟಗಾರರು ಜಾಗದ ಒಡೆಯರಲ್ಲ, ಪರವಾನಗಿದಾರರು. ಪರವಾನಗಿಯನ್ನು ಕೆಲವು ವರ್ಷಗಳಿಗೊಮ್ಮೆ ನವೀಕರಿಸಬೇಕು. 2019ರಲ್ಲಿ ನಗರ ಹೊಸ ಕರಾರು ಮುಂದಿಟ್ಟಾಗ ಅಪಘಾತವಾದರೆ ಹೊಣೆ ಯಾರದು, ತೋಟದಲ್ಲಿ ಕಾರ್ಯಕ್ರಮ ನಡೆಸಲು ಎಷ್ಟು ಅನುಮತಿ ಬೇಕು ಎಂಬ ಷರತ್ತುಗಳನ್ನು ಓದಿ ಹಲವಾರು ತೋಟಗಳ ಗುಂಪುಗಳು ಸಹಿ ಹಾಕಲು ಒಪ್ಪಲಿಲ್ಲ. ಬಿತ್ತನೆಯ ಹಂಗಾಮಿನಲ್ಲಿಯೇ ಅವರು ಕರಾರಿನ ಪುಟಗಳನ್ನು ಹಿಡಿದು ಉದ್ಯಾನ ಇಲಾಖೆಯೊಂದಿಗೆ ಚೌಕಾಸಿಗೆ ಇಳಿದರು.